ಮಾದರಿ ಎಂಜಿನ್ನಿಗೆ ಕೊಳೆ ಹಚ್ಚುವ ವಿದ್ಯೆ

ಡಬ್ಬಿಯಿಂದ ಆಗಷ್ಟೇ ಹೊರತೆಗೆದ ಮಾದರಿ ರೈಲು ಎಂಜಿನ್ ಎಷ್ಟೇ ಕರಾರುವಾಕ್ಕಾಗಿದ್ದರೂ ಆಟಿಕೆಯ ಹಾಗೆಯೇ ಕಾಣುತ್ತದೆ. ಮುಖ್ಯ ಕಾರಣ ಹೊಳಪು. ಎಚ್‌ಒ ಎಂಬ ಮಾದರಿ ರೈಲಿನ ಅಳತೆಯಲ್ಲಿ ಉದ್ದ, ಅಗಲ, ಎತ್ತರಗಳನ್ನು 87 ಪಟ್ಟು ಕುಗ್ಗಿಸುತ್ತಾರೆ. ಮನೆಯ ಬೆಳಕನ್ನು ಯಾರೂ ಕುಗ್ಗಿಸುವುದಿಲ್ಲ. ನಾಲ್ಕು ಅಡಿಯ ಟ್ಯೂಬ್‌ಲೈಟು ಅದರ ನುಣುಪು ಮೈಯಲ್ಲಿ ಮಿಂಚಿದರೆ, ಎಂಜಿನ್ನಿನ ಲೆಕ್ಕದಲ್ಲಿ ಅದು ನೂರು ಮೀಟರಿಗೂ ಉದ್ದದ ದೀಪ. ಲೋಂಡಾ ಜಂಕ್ಷನ್ನಿನಲ್ಲಿ ನಿಂತ ನಿಜವಾದ ಎಂಜಿನ್ನಿನ ಮೇಲೆ ಅಂಥ ಮಿಂಚು ಬೀಳುವುದಿಲ್ಲ. ಹಾಗಾಗಿ ಮೊದಲು ಹೊಳಪನ್ನು ಸಾಯಿಸಬೇಕು, ಆಮೇಲೆ ಕೊಳೆಯನ್ನು ತಕ್ಕ ಜಾಗದಲ್ಲಿ ಕೂರಿಸಬೇಕು.

ಈ ತಕ್ಕ ಜಾಗದ ವಿಚಾರದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಕಂದು ಬಣ್ಣವನ್ನು ಮೈತುಂಬ ಬಳಿದರೆ ಎಂಜಿನ್ ಹಳತಾಗಿ ಕಾಣುವುದಿಲ್ಲ, ಕಂದಾಗಿ ಕಾಣುತ್ತದೆ. ಯಾವುದೇ ಕಲೆ ಹಚ್ಚುವ ಮೊದಲು ಅದು ಎಲ್ಲಿಂದ ಬಂತು, ಯಾವ ದಾರಿ ಹಿಡಿದು ಇಳಿಯಿತು ಎಂದು ಕೇಳಿಕೊಳ್ಳಬೇಕು. ಗಾಲಿಗಳ ಸುತ್ತಲಿನ ಕೆಂಪುಗಂದು ಪುಡಿ ಬ್ರೇಕ್‌ನದು: ಬ್ರೇಕ್ ಹಿಡಿದಾಗ ಸವೆದ ಕಬ್ಬಿಣದ ಕಣಗಳು ಹಾರಿ, ಕೂತಲ್ಲೇ ತುಕ್ಕು ಹಿಡಿಯುತ್ತವೆ. ಗಾಲಿಗಳ ಹೊರಗಿನ ಚೌಕಟ್ಟಿನ ಮೇಲೆ ಅದು ದಟ್ಟ, ಮೇಲಕ್ಕೆ ಹೋದಂತೆ ತೆಳು. ಲೋಂಡಾದಿಂದ ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿಯುವ ದಾರಿಯ ಇಳಿಜಾರು 37ಕ್ಕೆ 1. ಅಲ್ಲಿ ದುಡಿಯುವ ಎಂಜಿನ್ನಿಗೆ ಈ ಪುಡಿ ಧಾರಾಳವಾಗಿಯೇ ಇರಬೇಕು. ಗಾಲಿ ಜಾರದಂತೆ ಹಳಿಯ ಮೇಲೆ ಮರಳು ಸುರಿಸುವ ಕೊಳವೆಗಳ ಬುಡದಲ್ಲಿ ತಿಳಿಬಣ್ಣದ ಮಚ್ಚೆ ಬರುತ್ತದೆ. ಮಸಿ ಹೊಗೆಗೊಳವೆಯ ಸುತ್ತ ದಟ್ಟವಾಗಿದ್ದು ಮೇಲ್ಛಾವಣಿಯ ನಡುವೆ ಎರಡೂ ದಿಕ್ಕಿಗೆ ತೆಳುವಾಗುತ್ತ ಹೋಗುತ್ತದೆ, ಏಕೆಂದರೆ ಎಂಜಿನ್ ಎರಡೂ ಕಡೆಗೆ ಓಡುತ್ತದೆ. ರೇಡಿಯೇಟರಿನ ಜಾಲರಿ ಗಾಳಿಯನ್ನು ಒಳಗೆಳೆಯುವುದರಿಂದ ಪಟ್ಟಿಗಳ ಸಂದಿಯಲ್ಲಿ ಧೂಳು ಕಟ್ಟಿ ಕಪ್ಪಾಗುತ್ತದೆ, ಪಟ್ಟಿಗಳ ಅಂಚು ಮಾತ್ರ ತಿಳಿಯಾಗಿಯೇ ಉಳಿಯುತ್ತದೆ. ಸಿಬ್ಬಂದಿ ಹಿಡಿದು ಹತ್ತುವ ಹಿಡಿಕೆಗಳು ತುಕ್ಕು ಹಿಡಿಯುವುದಿಲ್ಲ, ನುಣ್ಣಗಾಗುತ್ತವೆ.

ಬಣ್ಣದ ಕೆಲಸಕ್ಕೆ ಮುನ್ನ ಬಿಡಿಭಾಗಗಳು. ಹುಬ್ಬಳ್ಳಿ ಡೀಸೆಲ್ ಶೆಡ್ಡಿನಿಂದ ಈ ಭಾಗದಲ್ಲೆಲ್ಲ ಓಡಾಡುವ ಡಬ್ಲ್ಯುಡಿಜಿ-4 ಗೂಡ್ಸ್ ಎಂಜಿನ್ ನಿಜದಲ್ಲಿ ಸುಮಾರು 21 ಮೀಟರ್, ಮಾದರಿಯಲ್ಲಿ 24 ಸೆಂಟಿಮೀಟರ್. ಅಗ್ಗದ ಮಾದರಿಗಳಲ್ಲಿ ಪ್ಲಾಸ್ಟಿಕ್ಕಿನಲ್ಲೇ ಅಚ್ಚು ಹೊಯ್ದ ಹಿಡಿಕೆ 0.8 ಮಿಲಿಮೀಟರ್ ದಪ್ಪ ಇರುತ್ತದೆ. 87ರಿಂದ ಗುಣಿಸಿದರೆ 70 ಮಿಲಿಮೀಟರ್. ಅದು ಹಿಡಿಕೆಯಲ್ಲ, ಚರಂಡಿ ಪೈಪು. ಅದನ್ನು ಚೂಪು ಬ್ಲೇಡಿನಿಂದ ಕೆತ್ತಿ ತೆಗೆದು, ಕೈಡ್ರಿಲ್ಲಿನಲ್ಲಿ 0.5 ಮಿಲಿಮೀಟರ್ ತೂತು ಕೊರೆದು, 0.4 ಮಿಲಿಮೀಟರಿನ ಹಿತ್ತಾಳೆ ತಂತಿ ಬಾಗಿಸಿ ಕೂರಿಸಬೇಕು. ತಂತಿ ಮೈಗೆ ತಾಗದಂತೆ ಒಂದು ರಟ್ಟಿನ ಚೂರನ್ನು ನಡುವೆ ಇಟ್ಟುಕೊಂಡರೆ ಎಲ್ಲ ಹಿಡಿಕೆಗಳೂ ಒಂದೇ ಅಂತರದಲ್ಲಿ ನಿಲ್ಲುತ್ತವೆ. ಸೂಪರ್‌ಗ್ಲೂ ಸೂಜಿಯ ಮೊನೆಯಷ್ಟು ಸಾಕು, ಅದೂ ಒಳಗಡೆಯಿಂದ. ಹೆಚ್ಚಾದರೆ ಅದರ ಆವಿ ಗಾಳಿಯ ತೇವದ ಜೊತೆ ಸೇರಿ ಸುತ್ತಲೂ ಬಿಳಿ ಪೊರೆ ಕಟ್ಟುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ ಇದು ಇನ್ನೂ ಬೇಗ. ಕಿಟಕಿಯ ಗಾಜನ್ನು ಅದಕ್ಕೇ ಕೊನೆಯಲ್ಲಿ, ಬಿಳಿ ಫೆವಿಕಾಲಿನಿಂದ ಅಂಟಿಸುವುದು.

ಎಂಜಿನ್ನಿನ ತುದಿಯಲ್ಲಿ ಡಿಕ್ಕಿಯ ಪೆಟ್ಟು ತಾಳುವ ಬಫರುಗಳ ಕೆಳಗಿನ ಗಾಳಿ ಕೊಳವೆಗಳನ್ನು ಮರೆಯಬಾರದು. ಭಾರತೀಯ ರೈಲ್ವೆಯಲ್ಲಿ ಬ್ರೇಕ್ ಪೈಪಿನ ಗುರುತು ಹಸಿರು, ಫೀಡ್ ಪೈಪಿನದು ಬಿಳಿ. ಮೊನೆಯಲ್ಲಿ ಈ ಎರಡು ಚುಕ್ಕೆ ಬಿದ್ದರೆ ಎಂಜಿನ್ನಿನ ಮುಖಕ್ಕೆ ಜೀವ ಬರುತ್ತದೆ. ಇನ್ನೊಂದು ಅಡಚಣೆ ನಮ್ಮ ದೇಶದ್ದೇ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಎಚ್‌ಒದಲ್ಲಿ 19.3 ಆಗಬೇಕು, ಅಂಗಡಿಯಲ್ಲಿ ಸಿಗುವ ಹಳಿ 16.5. ಗಾಲಿಗಳು ಒಳಕ್ಕೆ ಸರಿದಂತೆ ಕಾಣುತ್ತವೆ. ಗಾಲಿಯ ಮುಖವನ್ನೂ ಚೌಕಟ್ಟಿನ ಒಳಬದಿಯನ್ನೂ ಒಂದೇ ಗಾಢ ಬೂದುಗಂದಿನಲ್ಲಿ ಮುಳುಗಿಸಿದರೆ ಕಣ್ಣಿಗೆ ಆ ಸಂದು ಗೊತ್ತಾಗುವುದಿಲ್ಲ. ಶುದ್ಧ ಕಪ್ಪು ಬೇಡ. ಬಯಲಿನ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟಿದರೆ ಕೋಣೆಯ ದೀಪ ಕೆಲವೇ ನೂರು ಲಕ್ಸ್; ಆ ಬೆಳಕಿನಲ್ಲಿ ಕಪ್ಪು ಬಳಿದ ಬೋಲ್ಟು, ಸ್ಪ್ರಿಂಗು ಎಲ್ಲ ಒಂದೇ ಕರಿ ಮುದ್ದೆಯಾಗುತ್ತವೆ. ಮಾದರಿಯ ಬಣ್ಣವನ್ನು ತುಸು ತಿಳಿಯಾಗಿಸಬೇಕು ಎನ್ನುವವರು ದೂರದ ಗಾಳಿಯ ಮಬ್ಬನ್ನು ಕಾರಣವಾಗಿ ಹೇಳುವುದುಂಟು. ಅರ್ಧ ಮೀಟರಿನಿಂದ ನೋಡುವ ಮಾದರಿ ನಿಜದಲ್ಲಿ 43 ಮೀಟರ್ ದೂರದ ಎಂಜಿನ್ನಿಗೆ ಸಮ, ಅಷ್ಟು ದೂರಕ್ಕೆ ಗಾಳಿ ಏನೂ ಮಾಡುವುದಿಲ್ಲ. ನಿಜವಾದ ಕಾರಣ ಬೆಳಕಿನ ಕೊರತೆ, ಜೊತೆಗೆ ಬಿಸಿಲಿಗೆ ಬಣ್ಣ ಮಾಸುವುದು. ಮಾಸಿದ್ದನ್ನು ತೋರಿಸಲು ಮೂಲ ಬಣ್ಣಕ್ಕೆ ಹತ್ತರಲ್ಲಿ ಒಂದು ಪಾಲು ಕೆನೆಬಣ್ಣ ಬೆರೆಸಿ ತೆಳುವಾಗಿ ಸಿಂಪಡಿಸಿ. ಕೆಂಪಿಗೆ ಬಿಳಿ ಬೆರೆಸಿದರೆ ಮಾಸುವುದಿಲ್ಲ, ಗುಲಾಬಿಯಾಗುತ್ತದೆ.

ಈ ಕೆಲಸದ ಬಹುಪಾಲು ಫಜೀತಿಗೆ ಮೂಲ ಒಂದೇ: ಸಿಕ್ಕಿಬಿದ್ದ ಗಾಳಿ. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಎರಡರ ವಕ್ರೀಭವನ ಸೂಚ್ಯಂಕದಲ್ಲಿ (ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎನ್ನುವ ಅಳತೆಯಲ್ಲಿ) ವ್ಯತ್ಯಾಸ ಹೆಚ್ಚಿದ್ದಷ್ಟೂ ಹೆಚ್ಚು ಚದುರುತ್ತದೆ. ಗಾಳಿಯದು 1, ವಾರ್ನಿಷ್‌ನದು ಸುಮಾರು 1.5. ನಂಬರ್ ಮತ್ತು ಶೆಡ್ಡಿನ ಹೆಸರಿನ ಅಂಟುಚಿತ್ರಗಳಾದ ಡೆಕಾಲ್‌ಗಳನ್ನು ಒರಟಾದ, ಹೊಳಪಿಲ್ಲದ ಮ್ಯಾಟ್ ಮೇಲ್ಮೈಗೆ ಅಂಟಿಸಿದರೆ ತಗ್ಗುಗಳಲ್ಲಿ ಗಾಳಿ ಉಳಿದು ಸುತ್ತಲೂ ಬೆಳ್ಳಿಯಂಥ ಅಂಚು ಹೊಳೆಯುತ್ತದೆ. ಅದಕ್ಕೇ ಮೊದಲು ಹೊಳಪಿನ ವಾರ್ನಿಷ್, ಅದರ ಮೇಲೆ ಡೆಕಾಲ್, ಒಂದು ದಿನ ಒಣಗಿದ ಮೇಲೆ ಮ್ಯಾಟ್. ಹೊಳಪು ಸಾಯಿಸುವುದು ಎಂದೆವಲ್ಲ, ಅದಕ್ಕೆ ಮೊದಲು ಹೊಳಪನ್ನೇ ಹಚ್ಚಬೇಕಾಗುತ್ತದೆ.

ಪುಡಿಯ ಕಥೆಯೂ ಇದೇ. ಬಾಗಲಕೋಟೆಯ ಸಿಮೆಂಟು ಧೂಳು ತೋರಿಸಲೆಂದು ಶಾಲೆಯ ಚಾಕ್‌ಪೀಸ್ ಅರೆದು ಹಚ್ಚಿದರೆ ಚೆನ್ನಾಗಿಯೇ ಕಾಣುತ್ತದೆ. ಮೇಲೆ ವಾರ್ನಿಷ್ ಹೊಡೆದ ಮರುಕ್ಷಣ ಮಾಯ. ಚಾಕಿನ ಜಿಪ್ಸಮ್ಮಿನ ಸೂಚ್ಯಂಕ 1.52, ವಾರ್ನಿಷ್‌ಗೆ ಹೆಚ್ಚುಕಡಿಮೆ ಸಮ. ಕಣಗಳ ನಡುವಿನ ಗಾಳಿಯ ಜಾಗಕ್ಕೆ ವಾರ್ನಿಷ್ ತುಂಬಿದ ಮೇಲೆ ಬೆಳಕು ಚದುರಲು ಏನೂ ಉಳಿಯುವುದಿಲ್ಲ. ಒಣ ಮಣ್ಣಿಗೆ ನೀರು ಬಿದ್ದರೆ ಕಪ್ಪಾಗುವುದೂ ಹೀಗೆಯೇ. ತುಕ್ಕಿನ ಕೆಂಪು ಮಾತ್ರ ಹಾಗಲ್ಲ. ಕಬ್ಬಿಣದ ಆಕ್ಸೈಡಾದ ಹೆಮಟೈಟ್‌ನ ಸೂಚ್ಯಂಕ ಸುಮಾರು 2.9, ಬಿಳಿ ಬಣ್ಣದ ಟೈಟಾನಿಯಂ ಡೈಆಕ್ಸೈಡ್‌ನದು 2.5ಕ್ಕೂ ಮೇಲೆ, ಇವು ವಾರ್ನಿಷ್ ಒಳಗೂ ಎದ್ದು ಕಾಣುತ್ತವೆ. ಹಾಗಾಗಿ ಸಿಮೆಂಟು ಧೂಳಿಗೆ ಚಾಕ್ ಬಿಟ್ಟು ಟೈಟಾನಿಯಂ ವೈಟಿಗೆ ರಾ ಅಂಬರ್ ಎಂಬ ಮಣ್ಣುಗಂದು ಬಣ್ಣ ಚಿಟಿಕೆ ಸೇರಿಸಿ ಬಣ್ಣವಾಗಿಯೇ ಬಳಸುವುದು ಮೇಲು.

ಇಷ್ಟು ಗೊತ್ತಾದ ಮೇಲೆ ಊರಿನ ಮಣ್ಣನ್ನೇ ಬಳಸುವ ಆಸೆ ಹುಟ್ಟುವುದು ಸಹಜ. ಬಳಸಬಹುದು, ಆದರೆ ಕಣದ ಗಾತ್ರ ನೋಡಿಕೊಳ್ಳಬೇಕು. 0.1 ಮಿಲಿಮೀಟರಿನ ಕಣ ಎಚ್‌ಒದಲ್ಲಿ ಸುಮಾರು 9 ಮಿಲಿಮೀಟರಿನ ಜಲ್ಲಿ. ವಸ್ತ್ರಗಾಳಿತ ಮಾಡಿದರೂ ಸಾಲದು, ನೀರಿನಲ್ಲಿ ತಿಳಿಗೊಳಿಸಬೇಕು. ಹತ್ತು ಸೆಂಟಿಮೀಟರ್ ಎತ್ತರದ ಗಾಜಿನ ಲೋಟದಲ್ಲಿ ನೀರು, ಎರಡು ಚಮಚ ಮಣ್ಣು, ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ ಹಾಕಿ ಚೆನ್ನಾಗಿ ಕದಡಿ ಐದು ನಿಮಿಷ ಅಲುಗಿಸದೆ ಇಡಿ. 20 ಮೈಕ್ರಾನಿನ ಕಣ ನೀರಿನಲ್ಲಿ ಸೆಕೆಂಡಿಗೆ ಮೂರನೇ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ವೇಗದಲ್ಲಿ ಇಳಿಯುವುದರಿಂದ, ಅದಕ್ಕಿಂತ ದೊಡ್ಡದೆಲ್ಲ ಅಷ್ಟರಲ್ಲಿ ತಳ ಸೇರಿರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಸಿದು, ಒಂದೆರಡು ದಿನ ಬಿಟ್ಟು, ತಳದ ಕೆಸರನ್ನು ಒಣಗಿಸಿ ಅರೆಯಿರಿ.

ಖಾನಾಪುರ, ಲೋಂಡಾ ಕಡೆಯ ಜಂಬಿಟ್ಟಿಗೆಯ ಕೆಂಪು ಮಣ್ಣು ಕಬ್ಬಿಣದ ಆಕ್ಸೈಡಿನಿಂದಲೇ ಬಣ್ಣ ಪಡೆದದ್ದು. ವಾರ್ನಿಷ್ ಕೆಳಗೂ ನಿಲ್ಲುತ್ತದೆ. ತೊಂದರೆ ಇರುವುದು ಬೇರೆ ಕಡೆ. ಇಂಥ ಮಣ್ಣಿನಲ್ಲಿ ಅಯಸ್ಕಾಂತಕ್ಕೆ ಅಂಟುವ ಕಣಗಳೂ ಇರುತ್ತವೆ, ಮಾದರಿಯ ಮೋಟಾರಿನೊಳಗೆ ಗಟ್ಟಿ ಅಯಸ್ಕಾಂತವಿದೆ. ಪುಡಿಯನ್ನು ಕಾಗದದ ಮೇಲೆ ಹರಡಿ ಕೆಳಗಿನಿಂದ ಅಯಸ್ಕಾಂತ ಎಳೆಯಿರಿ. ಜೊತೆಗೆ ಓಡಿ ಬಂದ ಕಣಗಳನ್ನೆಲ್ಲ ಎಸೆಯಿರಿ. ವಿಜಯಪುರ, ಬಾಗಲಕೋಟೆಯ ಎರೆಮಣ್ಣಿನಲ್ಲೂ ಇಂಥ ಕಣಗಳಿರುತ್ತವೆ, ಮೇಲಾಗಿ ಅದರ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ. ದಪ್ಪಗೆ ಮೆತ್ತಿದರೆ ಏಪ್ರಿಲ್ ತಿಂಗಳ ಎರೆಹೊಲದ ಹಾಗೆ ಬಿರುಕು ಬಿಟ್ಟು ಹಕ್ಕಳೆ ಏಳುತ್ತದೆ. ಅದನ್ನು ಒಣಪುಡಿಯಾಗಿ ಮೃದು ಬ್ರಷ್ಷಿನಿಂದ ಮೆಟ್ಟಿಲು, ಇಂಧನ ಟ್ಯಾಂಕಿನ ಕೆಳಭಾಗಕ್ಕೆ ಮಾತ್ರ ಹಚ್ಚಿ, ವಾರ್ನಿಷ್ ಇಲ್ಲದೆ ಬಿಡುವುದೇ ಜಾಣತನ. ಎರಡೂ ಮಣ್ಣು ಒಂದೇ ಎಂಜಿನ್ನಿನ ಮೇಲೆ ಬರಬಹುದೇ? ಗದಗ–ಹೊಟಗಿ ದಾರಿಯಲ್ಲಿ ಕೂಡಗಿಯ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ತರುವ ಎಂಜಿನ್ನಿಗೆ ಎರೆಯ ಬೂದು ಮತ್ತು ಕಲ್ಲಿದ್ದಲಿನ ಕಪ್ಪು ಒಪ್ಪುತ್ತವೆ. ಘಟ್ಟದ ಕೆಂಪು ತೆಳ್ಳಗೆ, ಕೆಳಗಿನ ಪದರವಾಗಿ ಇದ್ದರೆ ಸಾಕು.

ತೆಳು ಬಣ್ಣದ ನೀರು ಹರಿಸುವ ವಾಶ್ ಎಲ್ಲಕ್ಕಿಂತ ಸುಲಭ, ಹೆಚ್ಚು ಕೆಡುವುದೂ ಅದೇ. ಗಾಢ ಕಂದು ಅಕ್ರಿಲಿಕ್ ಒಂದು ಪಾಲು, ನೀರು ಹನ್ನೆರಡರಿಂದ ಹದಿನೈದು ಪಾಲು, ಒಂದು ತೊಟ್ಟು ಸೋಪು. ಸೋಪಿಲ್ಲದಿದ್ದರೆ ನೀರು ಹನಿಹನಿಯಾಗಿ ನಿಲ್ಲುತ್ತದೆ, ಹನಿಯ ಅಂಚು ಬೇಗ ಆರುವುದರಿಂದ ಒಳಗಿನ ಬಣ್ಣ ಅಂಚಿಗೆ ಹರಿದು ಉಂಗುರದ ಕಲೆ ಉಳಿಯುತ್ತದೆ. ಬಾಗಿಲ ಸಂದು, ಬೋಲ್ಟು, ಜಾಲರಿಗೆ ಮಾತ್ರ ಹಾಕಿ, ಹೆಚ್ಚಾದದ್ದನ್ನು ಒಣ ಬ್ರಷ್ಷಿನಿಂದ ಹೀರಿ ತೆಗೆಯಬೇಕು. ನೀರಿನ ಬದಲು ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸುವವರು ಎಚ್ಚರವಿರಲಿ: ಅಕ್ರಿಲಿಕ್ ಬಣ್ಣದ ಮೇಲೆ ಉಜ್ಜಿದರೆ ಬಣ್ಣವೇ ಎದ್ದು ಬರುತ್ತದೆ.

ಮಳೆನೀರು ಇಳಿದ ಗೆರೆಗಳಿಗೆ ಆಯಿಲ್ ಪೇಂಟ್‌ಗೆ ಸಮನಾದದ್ದಿಲ್ಲ. ಬರ್ನ್ಟ್ ಅಂಬರ್ ಎಂಬ ಗಾಢ ಕಂದನ್ನು ರಟ್ಟಿನ ಮೇಲೆ ಅರ್ಧ ಗಂಟೆ ಬಿಟ್ಟರೆ ಅಗಸೆ ಎಣ್ಣೆಯನ್ನು ರಟ್ಟು ಹೀರಿಕೊಳ್ಳುತ್ತದೆ. ಬಣ್ಣ ಬೇಗ ಆರುತ್ತದೆ, ಹೊಳೆಯುವುದೂ ಇಲ್ಲ. ತೀರಾ ಸಣ್ಣ ಬ್ರಷ್ಷಿನಲ್ಲಿ ಚುಕ್ಕೆಯಿಟ್ಟು, ಟರ್ಪೆಂಟೈನ್ ತಾಗಿಸಿ ಒರೆಸಿದ ಚಪ್ಪಟೆ ಬ್ರಷ್ಷಿನಿಂದ ನೇರ ಕೆಳಗೆಳೆಯಿರಿ. ಅರ್ಧ ಮಿಲಿಮೀಟರ್ ಅಗಲದ ಗೆರೆ ನಿಜದಲ್ಲಿ ನಾಲ್ಕು ಸೆಂಟಿಮೀಟರಿಗೂ ಹೆಚ್ಚಾಗುವುದು ನೆನಪಿದ್ದರೆ ಕೈ ತಾನಾಗಿ ಹಗುರಾಗುತ್ತದೆ. ಟರ್ಪೆಂಟೈನ್ ಸಂದಿಗಳಲ್ಲಿ ಮಡುಗಟ್ಟಲು ಬಿಡಬೇಡಿ. ಬಿಗಿಯಾಗಿ ಕೂರಿಸಿದ ಪ್ಲಾಸ್ಟಿಕ್ ಕೊಂಡಿಗಳು ಅದರಲ್ಲಿ ನೆನೆದು ಪಟ್ಟನೆ ಸೀಳುತ್ತವೆ.

ಏರ್‌ಬ್ರಷ್ ಇದ್ದವರು 0.3 ಮಿಲಿಮೀಟರ್ ನಳಿಕೆ, 15 ಪಿಎಸ್‌ಐ ಒತ್ತಡ, ಹನ್ನೆರಡು ಸೆಂಟಿಮೀಟರ್ ದೂರದಿಂದ ಧೂಳಿನ ಬಣ್ಣವನ್ನು ಕೆಳಗಿನಿಂದ ಮೇಲಕ್ಕೆ ತೆಳುವಾಗಿಸುತ್ತ ಸಿಂಪಡಿಸಬಹುದು. ಮುಂಗಾಜಿನ ಮೇಲೆ ವೈಪರ್ ತಿರುಗುವ ಕಮಾನಿನಾಕಾರಕ್ಕೆ ಮಾಸ್ಕಿಂಗ್ ಟೇಪ್ ಕತ್ತರಿಸಿ ಮೊದಲೇ ಅಂಟಿಸಿಕೊಳ್ಳಬೇಕು. ಹವೆ ಮಾತ್ರ ಊರಿಂದೂರಿಗೆ ಬೇರೆ. ಜುಲೈನ ಬೆಳಗಾವಿಯಲ್ಲಿ ಲ್ಯಾಕರ್ ಹೊಡೆದರೆ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಇಳಿದು ವಾರ್ನಿಷ್ ಬಿಳುಚಿಕೊಳ್ಳುತ್ತದೆ. ಒಣಹವೆಯ ದಿನ, ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಬೆರೆಸಿದ ಥಿನ್ನರನ್ನು ಮಂಜಿನಂತೆ ಹೊಡೆದರೆ ಎಷ್ಟೋ ಸಲ ಸರಿಹೋಗುತ್ತದೆ. ಮೇ ತಿಂಗಳ ವಿಜಯಪುರದಲ್ಲಿ ಇದರ ತದ್ವಿರುದ್ಧ: ಅಕ್ರಿಲಿಕ್ ಹನಿ ಗಾಳಿಯಲ್ಲೇ ಒಣಗಿ ಮರಳುಕಾಗದದಂತೆ ಕೂರುತ್ತದೆ, ನಳಿಕೆಯೊಳಗಿನ ಸೂಜಿಯ ತುದಿಯಲ್ಲಿ ಗಟ್ಟಿಯಾಗುತ್ತದೆ. ಬೆಳಗಿನ ತಂಪು ಹೊತ್ತು, ಎಂಟು ಸೆಂಟಿಮೀಟರ್ ದೂರ, ಬಣ್ಣಕ್ಕೆ ಎರಡು ಹನಿ ರಿಟಾರ್ಡರ್.

ಹೊಟಗಿ–ಗದಗ ಮಾರ್ಗ 1884ರಲ್ಲಿ ಮೀಟರ್‌ಗೇಜಾಗಿ ತೆರೆದದ್ದು. ಅಲ್ಲಿನ ಆ ಕಾಲದ ಉಗಿ ಎಂಜಿನ್ ಮಾಡುವವರಿಗೆ ಹಳಿ 12 ಮಿಲಿಮೀಟರ್ ಆಗುತ್ತದೆ. ಉಗಿ ಎಂಜಿನ್ನಿಗೆ ತುಕ್ಕಿಗಿಂತ ಸುಣ್ಣದ ಕಲೆ ಮುಖ್ಯ. ಗಡಸು ನೀರು ಬಾಯ್ಲರಿನ ಕೀಲುಗಳಿಂದ ಸೋರಿ ಬಿಸಿ ಲೋಹದ ಮೇಲೆ ಆರಿದಲ್ಲಿ ಬಿಳಿ ಗೆರೆಗಳು ಇಳಿಯುತ್ತವೆ. ಗೆರೆ ಕೀಲಿನಿಂದಲೇ ಶುರುವಾಗಬೇಕು.

ಎಲ್ಲ ಮ್ಯಾಟ್ ಆದ ಮೇಲೆ ಕೆಲವೇ ಜಾಗಕ್ಕೆ ಹೊಳಪು ಹಿಂದಿರುಗಿಸಬೇಕು, ಜಿಡ್ಡು ಮ್ಯಾಟ್ ಇರುವುದಿಲ್ಲವಲ್ಲ. ಡೀಸೆಲ್ ತುಂಬುವ ಬಾಯಿಯ ಕೆಳಗೆ ಹೊಳಪಿನ ವಾರ್ನಿಷ್‌ಗೆ ಚೂರು ಕಂದು ಬೆರೆಸಿದ ಎರಡು ಗೆರೆ, ಬಫರಿನ ಮುಖದ ನಡುವೆ ಗ್ರೀಸಿನ ಕಪ್ಪು ವೃತ್ತ.

ಗಾಲಿಗೆ ಬಣ್ಣ ಹೊಡೆಯುವಾಗ ತಂತಿಗಳಿಂದ ಮೋಟಾರಿಗೆ ನೇರ ವಿದ್ಯುತ್ ಕೊಟ್ಟು ನಿಧಾನಕ್ಕೆ ತಿರುಗಿಸುತ್ತಿದ್ದರೆ ಎಲ್ಲ ಕಡೆ ಸಮನಾಗಿ ಕೂರುತ್ತದೆ. ಗಿಯರುಗಳ ಹತ್ತಿರ ಪುಡಿ ಹೋಗಬಾರದು. ಗ್ರೀಸಿನ ಜೊತೆ ಸೇರಿದರೆ ಹಲ್ಲುಗಳನ್ನೇ ಅರೆಯುತ್ತದೆ. ಹಳಿಗೆ ತಾಗುವ ಗಾಲಿಯ ಅಂಚಿನಲ್ಲೂ, ಗಾಲಿಯ ಹಿಂದೆ ವಿದ್ಯುತ್ ಹಿಡಿಯುವ ತಗಡಿನ ಮೇಲೂ ಬಣ್ಣ ಉಳಿದರೆ ಎಂಜಿನ್ ಮುಗ್ಗರಿಸುತ್ತದೆ. ಹಿಂಬದಿಯನ್ನು ಹತ್ತಿಯ ಕಡ್ಡಿಯಿಂದ ಒರೆಸಿ. ಅಂಚಿಗೆ, ಆಲ್ಕೊಹಾಲಿನಲ್ಲಿ ತೊಯ್ದ ಟಿಶ್ಯೂ ಕಾಗದವನ್ನು ಹಳಿಯ ಮೇಲೆ ಅಡ್ಡ ಹಾಸಿ, ಒಂದು ತುದಿಯ ಗಾಲಿಗಳನ್ನು ಅದರ ಮೇಲೂ ಇನ್ನೊಂದು ತುದಿಯವನ್ನು ಬರಿ ಹಳಿಯ ಮೇಲೂ ನಿಲ್ಲಿಸಿ, ಎಂಜಿನ್ನನ್ನು ಕೈಯಲ್ಲಿ ಹಿಡಿದು ವಿದ್ಯುತ್ ಕೊಡಿ. ಕಾಗದಕ್ಕೆ ಕಪ್ಪು ಬಳಿಯುವುದು ನಿಂತ ಮೇಲೆ ತುದಿ ಬದಲಿಸಿ. ಹಿಡಿಯುವಾಗ ಬೆರಳಿಗೂ ಮೈಗೂ ನಡುವೆ ಒಂದು ಮೆತ್ತನೆ ಕಾಗದ ಇರಲಿ, ವಾರ್ನಿಷ್ ಇಲ್ಲದ ಪುಡಿ ಒಂದೇ ಮುಟ್ಟಿಗೆ ಬೆರಳಚ್ಚು ತೋರಿಸುತ್ತದೆ.