15,000 ಲುಮೆನ್ಸ್ ಪ್ರೊಜೆಕ್ಟರ್ ಹಗಲಲ್ಲೂ ಕಾಣುತ್ತಾ?

ಪ್ರಶ್ನೆ: ನಮ್ಮದು ಕಾಪು ಹತ್ತಿರ ಹಂಚಿನ ಮನೆ. ಚಾವಡಿ ದೊಡ್ಡದುಂಟು. ಆನ್‌ಲೈನಿನಲ್ಲಿ 9,000 ರೂಪಾಯಿಗೆ ಒಂದು ಪ್ರೊಜೆಕ್ಟರ್ ನೋಡಿದೆ. 15,000 ಲುಮೆನ್ಸ್, 4ಕೆ ಸಪೋರ್ಟ್ ಅಂತ ಬರೆದಿದೆ. ಹಗಲು ಕ್ರಿಕೆಟ್, ರಾತ್ರಿ ಸಿನಿಮಾ ಮತ್ತು ಯಕ್ಷಗಾನ ನೋಡಬೇಕು. ಟಿವಿ ಬದಲು ಇದನ್ನೇ ತಗೊಳ್ಳಬಹುದಾ?

ಉತ್ತರ: ಊರಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಸುರತ್ಕಲ್ಲಿನ ಫ್ಲ್ಯಾಟಿನವರೂ ಇದನ್ನೇ ಕೇಳುತ್ತಾರೆ, ಮಣಿಪಾಲದಲ್ಲಿ ರೂಮು ಮಾಡಿಕೊಂಡಿರುವ ಹುಡುಗರೂ ಇದನ್ನೇ ಕೇಳುತ್ತಾರೆ. ಉತ್ತರವೂ ಒಂದೇ. ರಾತ್ರಿಗೆ ಆಗುತ್ತದೆ, ಹಗಲಿಗೆ ಆಗುವುದಿಲ್ಲ. ಹಗಲು ಕ್ರಿಕೆಟ್ ಮುಖ್ಯ ಅಂತಾದರೆ 43 ಇಂಚಿನ ಟಿವಿ ತಗೊಳ್ಳಿ.

ಇಷ್ಟು ಹೇಳಿದರೆ ಸಾಕಾಗಬೇಕು. ಆದರೆ ಆಗುವುದಿಲ್ಲ. "ಬಾಕ್ಸಿನ ಮೇಲೇ 15,000 ಅಂತ ಉಂಟಲ್ಲ ಮಾರಾಯ್ರೆ" ಎಂಬ ಮಾತು ಬಂದೇ ಬರುತ್ತದೆ. ಹಾಗಾಗಿ ಈ 15,000ದ ಲೆಕ್ಕವನ್ನು ಒಮ್ಮೆ ಪೂರ್ತಿ ಬಿಡಿಸಿಬಿಡೋಣ. ಲುಮೆನ್ಸ್ ಅಂದರೆ ದೀಪದಿಂದ ಹೊರಬರುವ ಒಟ್ಟು ಬೆಳಕಿನ ಅಳತೆ. ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ನಿಮ್ಮ ಅಡುಗೆ ಮನೆಯ ಬಲ್ಬು ಸಾಕು.

9 ವ್ಯಾಟಿನ ಎಲ್‌ಇಡಿ ಬಲ್ಬಿನ ಡಬ್ಬಿ ತಿರುಗಿಸಿ ನೋಡಿ. 800ರಿಂದ 900 ಲುಮೆನ್ಸ್ ಅಂತ ಇರುತ್ತದೆ. ಅಂದರೆ ಒಂದು ವ್ಯಾಟಿಗೆ ಹೆಚ್ಚುಕಮ್ಮಿ 100 ಲುಮೆನ್ಸ್. 15,000 ಲುಮೆನ್ಸ್ ಬೇಕಾದರೆ 150 ವ್ಯಾಟ್ ಎಲ್‌ಇಡಿಗೇ ಹೋಗಬೇಕು. ಅದೂ ಒಂದು ಚೂರು ಬೆಳಕೂ ದಾರಿಯಲ್ಲಿ ಪೋಲಾಗದಿದ್ದರೆ. ಈಗ ಆ 9,000 ರೂಪಾಯಿಯ ಪ್ರೊಜೆಕ್ಟರಿನ ವಿವರದಲ್ಲಿ ವ್ಯಾಟ್ ಎಷ್ಟು ಅಂತ ಹುಡುಕಿ. 60 ಅಥವಾ 80 ಅಂತ ಇರುತ್ತದೆ. ಅದರಲ್ಲೇ ಫ್ಯಾನ್ ತಿರುಗಬೇಕು, ಸ್ಪೀಕರ್ ಕೂಗಬೇಕು, ಒಳಗಿನ ಆಂಡ್ರಾಯ್ಡ್ ಓಡಬೇಕು.

ಇನ್ನು ದಾರಿಯಲ್ಲಿ ಪೋಲಾಗುವ ಬೆಳಕು. ಕಡಿಮೆ ಬೆಲೆಯ ಪ್ರೊಜೆಕ್ಟರಿನೊಳಗೆ ಸಾಮಾನ್ಯವಾಗಿ ಇರುವುದು ನಾಲ್ಕೈದು ಇಂಚಿನ ಒಂದೇ ಒಂದು ಎಲ್‌ಸಿಡಿ ಪರದೆ, ನಿಮ್ಮ ಮೊಬೈಲಿನದ್ದರ ಹಾಗೆಯೇ. ಹಿಂದಿನಿಂದ ದೀಪ, ಮುಂದಿನಿಂದ ಲೆನ್ಸು. ಎಲ್‌ಸಿಡಿ ಕೆಲಸ ಮಾಡಬೇಕಾದರೆ ಮೊದಲು ಪೋಲರೈಸರ್ ಎಂಬ ಹಾಳೆಯನ್ನು ಬೆಳಕು ದಾಟಬೇಕು. ಅಲ್ಲೇ ಅರ್ಧ ಹೋಯಿತು. ಆಮೇಲೆ ಬಣ್ಣದ ಫಿಲ್ಟರ್. ಕೆಂಪು ಚುಕ್ಕಿ ಕೆಂಪನ್ನು ಮಾತ್ರ ಬಿಡುತ್ತದೆ, ಹಸಿರೂ ನೀಲಿಯೂ ಅಲ್ಲೇ ಸಾಯುತ್ತವೆ. ಉಳಿದದ್ದರಲ್ಲಿ ಮೂರನೇ ಎರಡು ಭಾಗ ಇಲ್ಲಿ ಹೋಯಿತು. 60 ವ್ಯಾಟ್ ಪೂರ್ತಿ ದೀಪಕ್ಕೇ ಕೊಟ್ಟೆವು ಅಂತಲೇ ಇಟ್ಟುಕೊಳ್ಳಿ. 6,000 ಲುಮೆನ್ಸ್ ಹುಟ್ಟಿತು, 1,000 ಉಳಿಯಿತು. ಚುಕ್ಕಿಗಳ ನಡುವಿನ ಕಪ್ಪು ಗೆರೆ, ಲೆನ್ಸಿಗೆ ಸಿಗದೆ ಅಕ್ಕಪಕ್ಕ ಚೆಲ್ಲುವ ಬೆಳಕು, ಕನ್ನಡಿ, ಗಾಜು ಎಲ್ಲ ಕಳೆದರೆ ಗೋಡೆಗೆ ಬಂದು ಬೀಳುವುದು ಎಷ್ಟು? ಚೆನ್ನಾಗಿದ್ದರೆ ಇನ್ನೂರು, ಮುನ್ನೂರು.

ನಿಜವಾಗಿ 15,000 ಲುಮೆನ್ಸ್ ಕೊಡುವ ಪ್ರೊಜೆಕ್ಟರ್ ಇಲ್ಲವೇ ಅಂದರೆ, ಉಂಟು. ಸಿನಿಮಾ ಥಿಯೇಟರಿನ ಕ್ಯಾಬಿನ್ನಿನಲ್ಲಿ. ಕೆಲವು ಕಿಲೋವ್ಯಾಟಿನ ಕ್ಸೆನಾನ್ ದೀಪ, ಬಿಸಿಗಾಳಿ ಹೊರಹಾಕಲು ಕೊಳವೆ, ಎತ್ತಲು ಮೂರ್ನಾಲ್ಕು ಜನ. ಅದನ್ನು ಯಾರೂ ಕೊರಿಯರಿನಲ್ಲಿ ಕಳಿಸುವುದಿಲ್ಲ.

ಹಾಗಾದರೆ ನಂಬಬಹುದಾದ ಸಂಖ್ಯೆ ಯಾವುದು? "ಆನ್ಸಿ ಲುಮೆನ್ಸ್" ಅಥವಾ "ಐಎಸ್‌ಒ ಲುಮೆನ್ಸ್" ಅಂತ ಬರೆದದ್ದು. ಅಳೆಯುವ ರೀತಿ ಸರಳ. ಪೂರ್ತಿ ಬಿಳಿ ಚಿತ್ರ ಹಾಕಿ, ಪರದೆಯನ್ನು 9 ಭಾಗ ಮಾಡಿ, ಪ್ರತಿ ಭಾಗದ ನಡುವಿನಲ್ಲಿ ಬೀಳುವ ಬೆಳಕನ್ನು ಅಳೆದು, ಸರಾಸರಿಯನ್ನು ಪರದೆಯ ವಿಸ್ತೀರ್ಣದಿಂದ ಗುಣಿಸುವುದು. ಬರೀ "ಲುಮೆನ್ಸ್" ಅಂತ ಬರೆದರೆ ಅದನ್ನು ದೀಪದ ಮೂತಿಯಲ್ಲೇ ಅಳೆದರೋ, ಅಳೆಯದೆ ಬರೆದರೋ, ಕೇಳುವವರಿಲ್ಲ.

ಇದನ್ನು ನೀವೇ ಅಳೆಯಬಹುದು. ಆಂಡ್ರಾಯ್ಡ್ ಮೊಬೈಲಿಗೆ ಲಕ್ಸ್ ಮೀಟರ್ ಆ್ಯಪ್ ಪುಕ್ಕಟೆ ಸಿಗುತ್ತದೆ. ಲಕ್ಸ್ ಅಂದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಲುಮೆನ್ಸ್. ರಾತ್ರಿ ಲೈಟ್ ಎಲ್ಲ ಆರಿಸಿ, ಚಿತ್ರವನ್ನು 133 ಸೆಂಟಿಮೀಟರ್ ಅಗಲ, 75 ಸೆಂಟಿಮೀಟರ್ ಎತ್ತರ ಬರುವ ಹಾಗೆ ಇಡಿ. ಇದು 60 ಇಂಚಿನ ಚಿತ್ರ. ಇದರ ವಿಸ್ತೀರ್ಣ ಹೆಚ್ಚುಕಮ್ಮಿ ಒಂದು ಚದರ ಮೀಟರ್, ಹಾಗಾಗಿ ಗುಣಾಕಾರವೇ ಬೇಡ. ಮೊಬೈಲನ್ನು ಗೋಡೆಗೆ ಒರಗಿಸಿ, ಮುಖ ಪ್ರೊಜೆಕ್ಟರ್ ಕಡೆಗೆ ಮಾಡಿ, 9 ಕಡೆ ಓದಿ, ಸರಾಸರಿ ತೆಗೆಯಿರಿ. ಬಂದ ಲಕ್ಸೇ ನಿಮ್ಮ ಲುಮೆನ್ಸ್. ಮೊಬೈಲಿನ ಸೆನ್ಸರ್ ಸ್ವಲ್ಪ ಹಿಂದೆಮುಂದೆ ತೋರಿಸೀತು. ಆದರೆ 200ನ್ನು 15,000 ಅಂತ ತೋರಿಸುವಷ್ಟು ಕೆಟ್ಟದಾಗಿರುವುದಿಲ್ಲ. ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಈ ಕೆಲಸ ಮಾಡಿ.

ಈಗ ಹಗಲಿನ ವಿಷಯ. ಇಲ್ಲಿ ಬಹಳ ಜನ ಮರೆಯುವ ಸಂಗತಿ ಒಂದುಂಟು. ಪ್ರೊಜೆಕ್ಟರ್ ಕಪ್ಪು ಬಣ್ಣ ಹಾಕುವುದಿಲ್ಲ. ಕಪ್ಪು ಬೇಕಾದಲ್ಲಿ ಬೆಳಕು ಹಾಕದೆ ಬಿಡುತ್ತದೆ, ಅಷ್ಟೇ. ಅಲ್ಲಿ ಕಾಣುವುದು ನಿಮ್ಮ ಗೋಡೆ. ಹಗಲು ಹನ್ನೊಂದು ಗಂಟೆಗೆ ಗೋಡೆ ಬೆಳ್ಳಗೆ ಕಂಡರೆ, ಸಿನಿಮಾದ ಅಮಾವಾಸ್ಯೆ ರಾತ್ರಿಯೂ ಅಷ್ಟೇ ಬೆಳ್ಳಗೆ.

ಲೆಕ್ಕ ನೋಡಿ. 100 ಇಂಚಿನ ಚಿತ್ರಕ್ಕೆ ಸುಮಾರು 2.75 ಚದರ ಮೀಟರ್ ಗೋಡೆ ಬೇಕು. 200 ಲುಮೆನ್ಸ್ ಅದರ ಮೇಲೆ ಹರಡಿದರೆ 73 ಲಕ್ಸ್. ಕಿಟಕಿ ತೆರೆದ ಚಾವಡಿಯ ಗೋಡೆಗೆ ಹಗಲು 200 ಲಕ್ಸ್ ಬೀಳುವುದು ದೊಡ್ಡದೇನಲ್ಲ. ಆಗ ಚಿತ್ರದ ಬಿಳಿ 273, ಕಪ್ಪು 200. ಬಿಳಿಗೂ ಕಪ್ಪಿಗೂ ಒಂದೂವರೆ ಪಾಲಿನ ವ್ಯತ್ಯಾಸವೂ ಇಲ್ಲ. ಬಾಲ್ ಎಲ್ಲಿ ಹೋಯಿತು ಅಂತ ಕಮೆಂಟರಿ ಕೇಳಿ ತಿಳಿದುಕೊಳ್ಳಬೇಕು. ಅದೇ ರಾತ್ರಿ ಲೈಟ್ ಆರಿಸಿದರೆ ಅದೇ 73 ಲಕ್ಸ್ ಕಣ್ಣು ತುಂಬುತ್ತದೆ. ಥಿಯೇಟರಿನ ಪರದೆಗೂ ಬೀಳುವುದು ಸುಮಾರು 150 ಲಕ್ಸ್ ಮಾತ್ರ. ಅಲ್ಲಿ ಚಿತ್ರ ಚೆನ್ನಾಗಿ ಕಾಣುವುದು ಬಾಗಿಲು ಹಾಕಿ ಕತ್ತಲೆ ಮಾಡುವುದರಿಂದ.

ಹಂಚಿನ ಮನೆಯಲ್ಲಿ ಈ ಕತ್ತಲೆ ಮಾಡುವುದೇ ಕಷ್ಟ. ಕಿಟಕಿಗೆ ದಪ್ಪ ಪರದೆ ಹಾಕಬಹುದು. ಮಾಡಿನ ಗಾಜಿನ ಹಂಚಿಗೆ ಏನು ಹಾಕುತ್ತೀರಿ? ಗೋಡೆಗೂ ಮಾಡಿಗೂ ನಡುವಿನ ಸಂದಿಗೆ? ಆದರೆ ಇಂಥ ಮನೆಗೆ ಒಂದು ಲಾಭವೂ ಉಂಟು. ರೆಡ್ ಆಕ್ಸೈಡ್ ನೆಲ, ಕಪ್ಪು ಹಿಡಿದ ಮರದ ಪಕ್ಕಾಸು ಇದ್ದರೆ ರಾತ್ರಿ ಚಿತ್ರದ ಬೆಳಕು ನೆಲ, ಮಾಡಿಗೆ ಬಡಿದು ಗೋಡೆಗೆ ವಾಪಸ್ ಬರುವುದು ಕಡಿಮೆ. ಬಿಳಿ ಟೈಲ್ಸು, ಬಿಳಿ ಸೀಲಿಂಗ್ ಇರುವ ಹೊಸ ಫ್ಲ್ಯಾಟಿನಲ್ಲಿ ಪ್ರೊಜೆಕ್ಟರಿನ ಬೆಳಕೇ ತಿರುಗಿ ಬಂದು ಅದರ ಕಪ್ಪನ್ನು ಕೆಡಿಸುತ್ತದೆ. ರಾತ್ರಿ ಯಕ್ಷಗಾನದ ವಿಡಿಯೊ ಹಾಕಿದರೆ ಇದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಬಣ್ಣದ ವೇಷದ ಮುಖದ ಕಪ್ಪು ಗೆರೆಗಳು ಒಂದು ಕಡೆ ಕಪ್ಪಾಗಿಯೇ ಕಾಣುತ್ತವೆ, ಇನ್ನೊಂದು ಕಡೆ ಬೂದಿ.

"ಚಿತ್ರ ಚಿಕ್ಕದು ಮಾಡಿದರೆ?" ಇದು ಒಳ್ಳೆಯ ಪ್ರಶ್ನೆ, ಯಾಕೋ ಕೇಳುವವರು ಕಡಿಮೆ. 120 ಇಂಚಿನಿಂದ 60 ಇಂಚಿಗೆ ಇಳಿಸಿದರೆ ಬೆಳಕು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಹಾಗಾಗಿ 200 ಲುಮೆನ್ಸಿನದ್ದನ್ನು 80 ಇಂಚಿಗೆ ನಿಲ್ಲಿಸಿ. ಅಂಗಡಿಯವರು "200 ಇಂಚು ಬರುತ್ತದೆ" ಅಂದರೆ ಹೌದು, ಬರುತ್ತದೆ. ನೋಡಲಿಕ್ಕೆ ಆಗುವುದಿಲ್ಲ.

4ಕೆ ಸಪೋರ್ಟ್ ಬಗ್ಗೆ ಎರಡೇ ಮಾತು. ಅದು 4ಕೆ ವಿಡಿಯೊ ತೆಗೆದುಕೊಳ್ಳುತ್ತದೆ, ತೋರಿಸುವುದಿಲ್ಲ. ಕೊಡಪಾನ ನೀರನ್ನು ಲೋಟಕ್ಕೆ ಸುರಿದರೆ ಲೋಟದಷ್ಟೇ ಉಳಿಯುವುದು. "ನೇಟಿವ್ ರೆಸಲ್ಯೂಷನ್" ಎಂಬ ಸಾಲು ಹುಡುಕಿ. ಒಳಗಿನ ಪರದೆಯಲ್ಲಿ ನಿಜವಾಗಿ ಇರುವ ಚುಕ್ಕಿಗಳ ಲೆಕ್ಕ ಅದು. 1920 × 1080 ಇರಬೇಕು. 1280 × 720 ಇದ್ದರೆ ಹತ್ತಿರ ಕೂತವರಿಗೆ ಚುಕ್ಕಿ ಕಾಣುತ್ತದೆ. 800 × 480 ಇದ್ದರೆ ಬೇಡವೇ ಬೇಡ. ಆ ಸಾಲೇ ಇಲ್ಲದಿದ್ದರೂ ಬೇಡ.

ನನ್ನ ಸಲಹೆ ಹೀಗೆ. ಸ್ವಲ್ಪ ಹೆಚ್ಚು ಹಣ ಹೊಂದಿಸಿ. 12,000ದಿಂದ 20,000 ರೂಪಾಯಿಯ ನಡುವೆ, ನಿಜವಾದ 1080ಪಿ (ಅಂದರೆ ಆ 1920 × 1080), 300 ಆನ್ಸಿ ಲುಮೆನ್ಸಿನ ಆಸುಪಾಸು, ದೀಪದಿಂದ ಲೆನ್ಸಿನವರೆಗಿನ ಭಾಗ ಮುಚ್ಚಿರುವ ಮಾಡೆಲ್ ಹುಡುಕಿ. ಮುಚ್ಚಿರುವುದು ಯಾಕೆ ಅಂತ ಮುಂದೆ ಹೇಳುತ್ತೇನೆ. ಥ್ರೋ ರೇಶಿಯೊ, ಅಂದರೆ ಚಿತ್ರದ ಅಗಲದ ಎಷ್ಟು ಪಟ್ಟು ದೂರ ಬೇಕು ಎಂಬ ಲೆಕ್ಕ, 1.25 ಅಂತಿದ್ದರೆ 100 ಇಂಚಿಗೆ ಗೋಡೆಯಿಂದ ಸುಮಾರು 9 ಅಡಿ ದೂರ ಬೇಕು. ಟೇಪ್ ಹಿಡಿದು ಮೊದಲೇ ಅಳೆಯಿರಿ. ಪ್ರೊಜೆಕ್ಟರನ್ನು ಗೋಡೆಗೆ ನೇರವಾಗಿ ಇಡಿ. ಮೂಲೆಯಲ್ಲಿಟ್ಟು, ಓರೆಯಾದ ಚಿತ್ರವನ್ನು ಎಳೆದು ಚೌಕ ಮಾಡುವ ಕೀಸ್ಟೋನ್ ಸೆಟ್ಟಿಂಗಿನಲ್ಲಿ ಸರಿ ಮಾಡಬಹುದು, ಆದರೆ ಎಳೆದಷ್ಟೂ ಚುಕ್ಕಿಗಳು ದಂಡ. ಸ್ಕ್ರೀನ್ ಈಗಲೇ ಬೇಡ. ಹೊಳಪಿಲ್ಲದ ಬಿಳಿ ಪೇಂಟ್ ಹೊಡೆದ ನುಣ್ಣನೆಯ ಗೋಡೆ ಸಾಕು.

ಆಫೀಸಿನವರು ಮಾರುವ ಹಳೆಯ ಎಪ್ಸನ್, ಬೆನ್‌ಕ್ಯೂ ತರದ್ದು ಸಿಕ್ಕಿದರೆ ಬೆಳಕಿನಲ್ಲಿ ಇವುಗಳನ್ನೆಲ್ಲ ಸೋಲಿಸುತ್ತದೆ. ಲ್ಯಾಂಪ್ ಹೊಸದಿದ್ದಾಗ ಅದರ 3,000 ಲುಮೆನ್ಸ್ ಹೆಚ್ಚುಕಮ್ಮಿ ನಿಜವಾದ 3,000. ಆದರೆ ಲ್ಯಾಂಪ್ ಎಷ್ಟು ಗಂಟೆ ಉರಿದಿದೆ ಅಂತ ಮೆನುವಿನಲ್ಲಿ ನೋಡಿಯೇ ಹಣ ಕೊಡಿ. ಹೊಸ ಲ್ಯಾಂಪಿನ ಬೆಲೆಯನ್ನೂ ವಿಚಾರಿಸಿ.

ನೆಟ್‌ಫ್ಲಿಕ್ಸ್ ಓಡುತ್ತದಾ ಅಂತ ಕೆಲವರು ಕೇಳುತ್ತಾರೆ. ಕಡಿಮೆ ಬೆಲೆಯ ಎಷ್ಟೋ ಪ್ರೊಜೆಕ್ಟರುಗಳಿಗೆ ಅದರ ಅನುಮತಿ ಇರುವುದಿಲ್ಲ. ಸುಮ್ನೆ ಒಂದು ಟಿವಿ ಸ್ಟಿಕ್ ತಂದು ಎಚ್‌ಡಿಎಂಐಗೆ ಚುಚ್ಚಿ. ಅದಕ್ಕೆ ಕರೆಂಟ್ ಪ್ರೊಜೆಕ್ಟರಿನ ಯುಎಸ್‌ಬಿಯಿಂದ ಕೊಡಬೇಡಿ, ಅದರದ್ದೇ ಅಡಾಪ್ಟರ್ ಹಾಕಿ. ಸೌಂಡಿಗೂ ಹೊರಗಿನ ಸ್ಪೀಕರ್ ಬೇಕು. ಜುಲೈ ಮಳೆ ಹಂಚಿನ ಮೇಲೆ ಬೀಳುವಾಗ ಒಳಗಿನ 5 ವ್ಯಾಟಿನ ಸ್ಪೀಕರ್ ಏನು ಹೇಳಿದರೂ ಕೇಳುವುದಿಲ್ಲ. ಬ್ಲೂಟೂತ್ ಬದಲು ವಯರ್ ಹಾಕಿ. ಬ್ಲೂಟೂತಿನಲ್ಲಿ ಚೆಂಡೆಗೆ ಕೋಲು ಬಿದ್ದ ಮೇಲೆ ಪೆಟ್ಟು ಕೇಳಿಸುತ್ತದೆ. ತಾಳ ಗೊತ್ತಿದ್ದವರಿಗೆ ಅದಕ್ಕಿಂತ ದೊಡ್ಡ ಹಿಂಸೆ ಇಲ್ಲ.

ಮಳೆ ಅಂದೆನಲ್ಲ, ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ನಮ್ಮ ಕಡೆ ಪ್ರೊಜೆಕ್ಟರ್ ಹಾಳಾಗಲು ಅದೇ ದೊಡ್ಡ ಕಾರಣ. ಹಾಗಾಗಿ ಕೇಳದಿದ್ದರೂ ಹೇಳುತ್ತೇನೆ.

ಮಳೆ ಹಿಡಿಯುವ ಹೊತ್ತಿಗೆ ಸಂಜೆ ರೆಕ್ಕೆ ಬಂದ ಗೆದ್ದಲು ಹೊರಡುತ್ತದಲ್ಲ, ಆಗ ಎಲ್ಲರೂ ಮನೆಯ ಲೈಟ್ ಆರಿಸುತ್ತಾರೆ. ಲೈಟ್ ಹೇಗೂ ಇಲ್ಲ, ಸಿನಿಮಾ ಆದರೂ ನೋಡೋಣ ಅಂತ ಪ್ರೊಜೆಕ್ಟರ್ ಹಾಕಿದರೆ, ಇಡೀ ಮನೆಗೆ ಉರಿಯುವ ದೀಪ ಅದೊಂದೇ. ಬಂದ ಹುಳ ಎಲ್ಲ ಅಲ್ಲಿಗೇ. ಫ್ಯಾನ್ ಗಾಳಿಯನ್ನು ಒಳಗೆ ಎಳೆಯುತ್ತದೆ, ಗಾಳಿಯ ಜೊತೆ ಸಣ್ಣ ಹುಳವನ್ನೂ, ಮುರಿದ ರೆಕ್ಕೆಯನ್ನೂ. ತೆರೆದ ಮಾಡೆಲಿನಲ್ಲಿ ಅದು ಹೋಗಿ ಆ ನಾಲ್ಕೈದು ಇಂಚಿನ ಪರದೆಯ ಮೇಲೇ ಕೂರುತ್ತದೆ. ಅಲ್ಲಿಂದ 100 ಇಂಚಿಗೆ ದೊಡ್ಡದಾಗುವುದು ಇಪ್ಪತ್ತು ಪಟ್ಟಿಗೂ ಹೆಚ್ಚು. 5 ಮಿಲಿಮೀಟರಿನ ಸೊಳ್ಳೆ ಗೋಡೆಯ ಮೇಲೆ 10 ಸೆಂಟಿಮೀಟರ್ ದಾಟುತ್ತದೆ. ನಾಯಕಿಯ ಕೆನ್ನೆಯ ಮೇಲೆ ಕಾಲು ಚಾಚಿ ಕೂತ ಸೊಳ್ಳೆಯನ್ನು ತೆಗೆಯಲು ಪ್ರೊಜೆಕ್ಟರನ್ನೇ ಬಿಚ್ಚಬೇಕು, ಬಿಚ್ಚಿದರೆ ವಾರಂಟಿಯ ಆಸೆ ಬಿಡಬೇಕು. ಮುಚ್ಚಿದ ಮಾಡೆಲ್ ತಗೊಳ್ಳಿ ಅಂದದ್ದು ಇದಕ್ಕೇ.

ಎರಡನೆಯದು ಬೂಷ್ಟು. ಚರ್ಮದ ಚಪ್ಪಲಿಗೆ ಹಿಡಿಯುವ ಬೂಷ್ಟು ಲೆನ್ಸಿಗೂ ಹಿಡಿಯುತ್ತದೆ. ಜೂನಿನಲ್ಲಿ ಬಾಕ್ಸಿಗೆ ಹಾಕಿ ಅಟ್ಟಕ್ಕೆ ಏರಿಸಿ ದೀಪಾವಳಿಗೆ ಇಳಿಸುವವರ ಪ್ರೊಜೆಕ್ಟರಿಗೆ ಮೊದಲು ಹಿಡಿಯುತ್ತದೆ. ಬಾಕ್ಸಿನ ರಟ್ಟು ತೇವ ಹೀರಿಕೊಂಡೇ ಇರುತ್ತದೆ. ಮಳೆಗಾಲದಲ್ಲಿ ಎತ್ತಿಡಬೇಡಿ, ವಾರಕ್ಕೆ ಒಂದೆರಡು ಗಂಟೆ ಓಡಿಸಿ. ಒಳಗಿನ ಬಿಸಿಯೇ ತೇವ ಒಣಗಿಸುತ್ತದೆ. ಎತ್ತಿಡಲೇಬೇಕಾದರೆ, ಪೂರ್ತಿ ತಣ್ಣಗಾದ ಮೇಲೆ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣದ ಕಾಳಿನ ಜೆಲ್ ತಂದರೆ ಒಳ್ಳೆಯದು. ಬಣ್ಣ ತಿರುಗಿದ ಕೂಡಲೇ ಬದಲಾಯಿಸಬಹುದು.

ಮತ್ತೆ ಸಿಡಿಲು. ಗುಡುಗು ಕೇಳಿದ ಕೂಡಲೇ ಟಿವಿಯ ಪ್ಲಗ್ ಕೀಳುವುದು ಎಲ್ಲರಿಗೂ ರೂಢಿ ಉಂಟು. ಪ್ರೊಜೆಕ್ಟರಿನದ್ದನ್ನೂ ಕೀಳಿ. ಜೊತೆಗೆ ಸೆಟ್‌ಟಾಪ್ ಬಾಕ್ಸಿನಿಂದ ಬರುವ ಎಚ್‌ಡಿಎಂಐ ವಯರನ್ನೂ ತೆಗೆಯಿರಿ. ಮಾಡಿನ ಮೇಲಿನ ಡಿಶ್‌ನಿಂದ ಕೇಬಲ್, ಕೇಬಲಿನಿಂದ ಬಾಕ್ಸ್, ಬಾಕ್ಸಿನಿಂದ ಪ್ರೊಜೆಕ್ಟರ್ ಅಂತ ಸಿಡಿಲಿಗೆ ಇನ್ನೊಂದು ದಾರಿ ತೆರೆದೇ ಇರುತ್ತದೆ. ಬರೀ ಕರೆಂಟ್ ಹೋದದ್ದಾದರೆ ಚಿಂತೆ ಬೇಡ. 60–80 ವ್ಯಾಟ್ ಅಂದರೆ ಸೀಲಿಂಗ್ ಫ್ಯಾನಿನಷ್ಟು. ಮನೆಯ ಇನ್ವರ್ಟರ್ ಆರಾಮಾಗಿ ತಡೆಯುತ್ತದೆ.