ಕಂಪನಿಯ ಜೊತೆ ಒಪ್ಪಂದವಿರುವ ಐಟಿಐಗೆ ಸೇರಿದರೆ ಕೆಲಸ ಖಚಿತವೇ?

ಪ್ರಶ್ನೆ: ಮಗ ಈ ವರ್ಷ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ಪಿಯುಸಿಗಿಂತ ಯಂತ್ರಗಳ ಕೆಲಸದ ಕಡೆಗೇ ಅವನ ಒಲವು. ನಮ್ಮ ಸುತ್ತಮುತ್ತಲಿನ ಎರಡು ಐಟಿಐಗಳು ತಮಗೆ ದೊಡ್ಡ ಕಂಪನಿಗಳ ಜೊತೆ ಒಪ್ಪಂದವಿದೆ ಎಂದು ಹೇಳುತ್ತಿವೆ. ಅಂಥಲ್ಲಿ ಸೇರಿಸಿದರೆ ಕೆಲಸ ಖಚಿತವೇ? ಈ ಒಪ್ಪಂದದಲ್ಲಿ ನಿಜಕ್ಕೂ ಏನಿರುತ್ತದೆ?

ಉತ್ತರ: ಖಚಿತವಲ್ಲ. ಐಟಿಐ ಮತ್ತು ಕಂಪನಿಯ ನಡುವಿನ ಒಪ್ಪಂದ ಸಾಮಾನ್ಯವಾಗಿ ತರಬೇತಿಗೆ ಸಂಬಂಧಿಸಿದ್ದೇ ಹೊರತು ನೇಮಕಾತಿಗೆ ಸಂಬಂಧಿಸಿದ್ದಲ್ಲ. ಹಾಗೆಂದು ಒಪ್ಪಂದವನ್ನು ಬರಿಯ ಜಾಹೀರಾತೆಂದು ತಳ್ಳಿಹಾಕುವಂತೆಯೂ ಇಲ್ಲ, ಏಕೆಂದರೆ ಒಳ್ಳೆಯ ಒಪ್ಪಂದವಿರುವ ಕಡೆ ಎರಡು ವರ್ಷ ಕಲಿತವನಿಗೂ ಹಳೆಯ ಲೇತ್ (ಲೋಹ ಕಡೆಯುವ ಯಂತ್ರ) ಒಂದನ್ನೇ ನಾಲ್ಕಾರು ಮಂದಿ ಸರದಿಯಲ್ಲಿ ಮುಟ್ಟಿ ಹೊರಬಂದವನಿಗೂ ಸಂದರ್ಶನದಲ್ಲಿ ಕಾಣುವ ಅಂತರ ಸಣ್ಣದಲ್ಲ. ಆದ್ದರಿಂದ ಒಪ್ಪಂದ ಇದೆಯೇ ಎಂದು ಕೇಳುವುದಕ್ಕಿಂತ, ನಿಮ್ಮ ಮಗ ಎಷ್ಟು ದಿನ ನಿಜವಾದ ಕಾರ್ಖಾನೆಯೊಳಗೆ ನಿಂತು ಕಲಿಯುತ್ತಾನೆ, ಅಲ್ಲಿ ಅವನಿಗೆ ಕಲಿಸುವ ಹೊಣೆ ಯಾರದು ಎಂದು ಕೇಳುವುದು ಮುಖ್ಯ.

‘ಒಪ್ಪಂದ’ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ವ್ಯವಸ್ಥೆಗಳಿವೆ. ಉದ್ಯಮವು ಯಂತ್ರೋಪಕರಣ ಮತ್ತು ಪಠ್ಯಕ್ರಮ ಒದಗಿಸುವುದು ಮೊದಲನೆಯ ಬಗೆ. ಕರ್ನಾಟಕದಲ್ಲಿ ಇದರ ದೊಡ್ಡ ಉದಾಹರಣೆ, ಟಾಟಾ ಟೆಕ್ನಾಲಜೀಸ್ ಮತ್ತು ಇತರ ಕಂಪನಿಗಳ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿದ 150 ಸರ್ಕಾರಿ ಐಟಿಐಗಳು. 4,700 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದ ಈ ಯೋಜನೆಯನ್ನು 2022ರ ಜೂನ್‌ನಲ್ಲಿ ಲೋಕಾರ್ಪಣೆ ಮಾಡಲಾಯಿತು. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ), ರೋಬಾಟಿಕ್ಸ್, ವಿದ್ಯುತ್ ವಾಹನ ದುರಸ್ತಿಯಂಥ ಹೊಸ ಟ್ರೇಡುಗಳು, ಅಂದರೆ ಕಸುಬಿನ ವಿಭಾಗಗಳು, ಇದರಿಂದಾಗಿ ತಾಲ್ಲೂಕು ಮಟ್ಟದವರೆಗೂ ಬಂದಿವೆ. ಇಂಥ ಸಂಸ್ಥೆಯನ್ನು ನೋಡಲು ಹೋದಾಗ ಯಂತ್ರ ಇದೆಯೇ ಎಂದು ನೋಡಿದರೆ ಸಾಲದು. ಅದನ್ನು ನಡೆಸಲು ತರಬೇತಿ ಪಡೆದ ಬೋಧಕರಿದ್ದಾರೆಯೇ, ಕಟಿಂಗ್ ಟೂಲ್ ಸವೆದರೆ ಹೊಸದನ್ನು ತರಿಸಲು ಹಣವಿದೆಯೇ, ಕೆಟ್ಟರೆ ದುರಸ್ತಿಗೆ ಬರುವವರು ಯಾರು ಎಂದೂ ವಿಚಾರಿಸಬೇಕು. ಕೋಟಿ ಬೆಲೆಯ ಯಂತ್ರಕ್ಕೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ವರ್ಷವಾದರೂ ತೆಗೆದಿಲ್ಲವೆಂದರೆ ಅದರಿಂದ ಯಾವ ವಿದ್ಯಾರ್ಥಿಗೂ ಉಪಯೋಗವಿಲ್ಲ.

ಎರಡನೆಯದು ತರಬೇತಿಯ ಒಂದು ಭಾಗವನ್ನೇ ಕಾರ್ಖಾನೆಯೊಳಗೆ ನಡೆಸುವ ವ್ಯವಸ್ಥೆ. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಕೇಂದ್ರದ ತರಬೇತಿ ಮಹಾನಿರ್ದೇಶನಾಲಯವು ಜರ್ಮನಿಯ ಮಾದರಿಯನ್ನು ಮುಂದಿಟ್ಟುಕೊಂಡು 2016ರಲ್ಲಿ ‘ಡ್ಯುಯಲ್ ಸಿಸ್ಟಮ್ ಆಫ್ ಟ್ರೇನಿಂಗ್’ ಎಂಬ ಯೋಜನೆ ತಂದು 2019ರಲ್ಲಿ ಪರಿಷ್ಕರಿಸಿತು. ಇದರ ಪ್ರಕಾರ ಎರಡು ವರ್ಷದ ಕೋರ್ಸಿನಲ್ಲಿ ಆರರಿಂದ ಹನ್ನೆರಡು ತಿಂಗಳನ್ನು ವಿದ್ಯಾರ್ಥಿ ಉದ್ಯಮದಲ್ಲಿ ಕಳೆಯುತ್ತಾನೆ. ಜರ್ಮನಿಯಲ್ಲಿ ಕ್ರಮವೇ ಬೇರೆ: ಅಲ್ಲಿ ಹುಡುಗ ಮೊದಲು ಕಂಪನಿಯ ಜೊತೆ ತರಬೇತಿ ಕರಾರು ಮಾಡಿಕೊಳ್ಳುತ್ತಾನೆ, ಆಮೇಲೆ ವಾರದಲ್ಲಿ ಒಂದೆರಡು ದಿನ ವೃತ್ತಿಶಾಲೆಗೆ ಹೋಗುತ್ತಾನೆ. ನಮ್ಮಲ್ಲಿ ಪ್ರವೇಶ ಕೊಡುವುದು ಐಟಿಐ, ಕಂಪನಿ ನಂತರ ಬರುತ್ತದೆ. ಹಾಗಾಗಿ ಕಂಪನಿಯ ಆಸಕ್ತಿ ಕುಗ್ಗಿದರೆ ನಷ್ಟ ಅನುಭವಿಸುವವನು ವಿದ್ಯಾರ್ಥಿಯೇ.

ಕಾರ್ಖಾನೆಯ ತಿಂಗಳುಗಳಿಗೆ ಇಷ್ಟೊಂದು ಒತ್ತು ಕೊಡಲು ಕಾರಣವಿದೆ. ಫಿಟ್ಟರ್ (ಬಿಡಿಭಾಗಗಳನ್ನು ಹೊಂದಿಸಿ ಜೋಡಿಸುವ) ಟ್ರೇಡಿಗೆ ಸೇರಿದವನು ಮೊದಲ ದಿನಗಳಲ್ಲಿ ಕಬ್ಬಿಣದ ತುಂಡೊಂದನ್ನು ಹಿಡಿಕೆಯಂತಿರುವ ವೈಸಿನಲ್ಲಿ ಬಿಗಿದು, ಫೈಲ್ (ಅರ) ಹಿಡಿದು ಉಜ್ಜುತ್ತಾನೆ. ಮೈ ಸಮನಾಯಿತೇ ಎಂದು ಟ್ರೈ ಸ್ಕ್ವೇರ್ (ಲಂಬಕೋನದ ಮಟ್ಟಪಟ್ಟಿ) ಇಟ್ಟು ಬೆಳಕಿಗೆ ಹಿಡಿದು ನೋಡುತ್ತಾನೆ. ಅಂಚಿನಡಿಯಿಂದ ಬೆಳಕು ನುಸುಳಿದರೆ ಅಲ್ಲಿ ತಗ್ಗಿದೆ ಎಂದು ಗೊತ್ತಾಗುತ್ತದೆ, ಮತ್ತೆ ಉಜ್ಜಬೇಕು. ಕೈ ಹದಕ್ಕೆ ಬರುವುದು ಹೀಗೆಯೇ, ಮತ್ತು ಇದನ್ನು ಕಲಿಸಲು ಐಟಿಐ ಸಾಕು. ಆದರೆ ಸಿಎನ್‌ಸಿ ಯಂತ್ರದಲ್ಲಿ ಒಂದೇ ಬಗೆಯ ಬಿಡಿಭಾಗ ನೂರಾರು ಸಂಖ್ಯೆಯಲ್ಲಿ ಹೊರಬರುವಾಗ, ಟೂಲ್ ಸವೆಯುತ್ತಾ ಹೋದಂತೆ ಅಳತೆ ಮೈಕ್ರಾನುಗಳ ಲೆಕ್ಕದಲ್ಲಿ ಸರಿಯುತ್ತಿರುತ್ತದೆ. ಅದನ್ನು ಮೈಕ್ರೋಮೀಟರಿನಲ್ಲಿ ಹಿಡಿದು, ಭಾಗ ರಿಜೆಕ್ಟ್ ಆಗುವ ಮೊದಲೇ ಆಫ್‌ಸೆಟ್ (ಯಂತ್ರಕ್ಕೆ ಕೊಟ್ಟ ಅಳತೆಯ ಹೊಂದಾಣಿಕೆ) ತಿದ್ದಬೇಕು. ದಿನಕ್ಕೆ ನಾಲ್ಕು ತುಂಡು ಕಡೆಯುವ ಶಾಲೆಯ ವರ್ಕ್‌ಶಾಪಿನಲ್ಲಿ ಈ ಸಮಸ್ಯೆ ತಲೆದೋರುವುದೇ ಇಲ್ಲ. ಪಾಳಿ ಬದಲಾಗುವಾಗ ಹಿಂದಿನವನು ಬರೆದಿಟ್ಟದ್ದನ್ನು ಓದಿಕೊಂಡು ಕೆಲಸ ಮುಂದುವರಿಸುವುದು, ಸೂಪರ್‌ವೈಸರ್ ಎದುರು ತಪ್ಪನ್ನು ಮುಚ್ಚಿಡದೆ ಹೇಳುವುದು ಮುಂತಾದವೂ ಪಠ್ಯದಿಂದ ಬರುವಂಥವಲ್ಲ.

ಮೂರನೆಯ ಬಗೆಯಲ್ಲಿ ಕಂಪನಿಯೇ ಶಾಲೆ ನಡೆಸುತ್ತದೆ. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಹತ್ತನೇ ತರಗತಿ ಮುಗಿಸಿದ ಗ್ರಾಮೀಣ, ಬಡ ಕುಟುಂಬಗಳ ಮಕ್ಕಳನ್ನು ಆಯ್ದುಕೊಂಡು ಮೂರು ವರ್ಷ ವಸತಿಸಹಿತ ತರಬೇತಿ ಕೊಡುತ್ತದೆ. ವೆಲ್ಡಿಂಗ್, ಪೇಂಟಿಂಗ್, ಅಸೆಂಬ್ಲಿ, ಮೆಕಾಟ್ರಾನಿಕ್ಸ್ ಅಲ್ಲಿನ ಮೂಲ ವಿಭಾಗಗಳು. ಇಂಥಲ್ಲಿ ಸೀಟು ಕಡಿಮೆ, ಸ್ಪರ್ಧೆ ಹೆಚ್ಚು. ಆದರೂ ಅರ್ಜಿ ಹಾಕದೆ ಬಿಡಬೇಡಿ. ಶಾಲೆ ಮತ್ತು ಕಾರ್ಖಾನೆ ಇವೆರಡರ ನಡುವೆ ನಿಲ್ಲುವ ಸಂಸ್ಥೆಗಳೂ ನಮ್ಮಲ್ಲಿವೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು (ಜಿಟಿಟಿಸಿ) ಕೈಗಾರಿಕೆಗಳಿಗೆ ಟೂಲ್, ಡೈಗಳನ್ನು (ಬಿಡಿಭಾಗಗಳಿಗೆ ರೂಪ ಕೊಡುವ ಅಚ್ಚುಗಳನ್ನು) ಮಾಡಿಕೊಡುತ್ತಲೇ ವಿದ್ಯಾರ್ಥಿಗಳಿಗೂ ಕಲಿಸುತ್ತದೆ. ಗ್ರಾಹಕರಿಗೆ ತಲುಪಬೇಕಾದ ಕೆಲಸ ನಡೆಯುವ ಕಡೆಯೇ ಪಾಠವೂ ನಡೆಯುವುದರಿಂದ ಜಿಟಿಟಿಸಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಕ್ಕೆ ಉದ್ಯಮದಲ್ಲಿ ಒಳ್ಳೆಯ ಹೆಸರಿದೆ. ನಿಮ್ಮ ಮಗನಿಗೆ ಗಣಿತದಲ್ಲಿ ಉತ್ತಮ ಅಂಕಗಳಿದ್ದರೆ ಐಟಿಐಗೆ ಮೊದಲು ಇದನ್ನೂ ಪರಿಗಣಿಸಬಹುದು.

ಇನ್ನು ಐಟಿಐ ಮುಗಿದ ಮೇಲಿನ ಅಪ್ರೆಂಟಿಸ್‌ಶಿಪ್, ಅಂದರೆ ಶಿಷ್ಯವೇತನ ಪಡೆಯುತ್ತಾ ಸಂಸ್ಥೆಯಲ್ಲಿ ಕಲಿಯುವ ಅವಧಿ. ಜಾಹೀರಾತುಗಳು ‘ಪ್ಲೇಸ್‌ಮೆಂಟ್’ ಎಂದು ತೋರಿಸುವ ಸಂಖ್ಯೆಗಳಲ್ಲಿ ಇದನ್ನೂ ಸೇರಿಸಿಬಿಡುವುದುಂಟು; ಆದರೆ ಇದು ಕೆಲಸವಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಆದವನು ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ. ಮೂವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಕನಿಷ್ಠ ಶಿಷ್ಯವೇತನವನ್ನು 2019ರ ತಿದ್ದುಪಡಿಯಲ್ಲಿ ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿವರೆಗೆ ನಿಗದಿಪಡಿಸಲಾಗಿತ್ತು. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಇಂಥವರನ್ನು ನೇಮಿಸಿಕೊಳ್ಳುವ ಬಗ್ಗೆ ಪ್ರತಿ ಸಂಸ್ಥೆ ತನ್ನದೇ ನೀತಿಯನ್ನು ರೂಪಿಸಿಕೊಳ್ಳಬೇಕು ಎಂದಷ್ಟೇ ಹೇಳುತ್ತದೆ. ಆದ್ದರಿಂದ ಹಿಂದಿನ ವರ್ಷಗಳ ಅಪ್ರೆಂಟಿಸ್‌ಗಳ ಪೈಕಿ ಎಷ್ಟು ಮಂದಿಯನ್ನು ಕಂಪನಿ ತನ್ನ ನೇರ ನೌಕರರ ಪಟ್ಟಿಗೇ ತೆಗೆದುಕೊಂಡಿತು, ಎಷ್ಟು ಮಂದಿ ಗುತ್ತಿಗೆದಾರನ ಮೂಲಕ ಉಳಿದರು ಎಂದು ನೇರವಾಗಿ ಕೇಳಿ. ಪ್ರಾಂಶುಪಾಲರಿಗಿಂತ ಈಚೆಗೆ ಹೊರಬಂದ ಹುಡುಗರು ಇದಕ್ಕೆ ನಿಖರವಾದ ಉತ್ತರ ಕೊಟ್ಟಾರು. ಇಷ್ಟಾದರೂ ಅಪ್ರೆಂಟಿಸ್‌ಶಿಪ್ ಮುಗಿಸಿ ಪಡೆಯುವ ರಾಷ್ಟ್ರೀಯ ಪ್ರಮಾಣಪತ್ರವನ್ನು ಕಡೆಗಣಿಸಬೇಡಿ. ರೈಲ್ವೆ ಮತ್ತು ಸಾರ್ವಜನಿಕ ವಲಯದ ಹಲವು ನೇಮಕಾತಿಗಳಲ್ಲಿ ಅದಕ್ಕೆ ಬೆಲೆಯಿದೆ.

ಉದ್ಯಮದ ನಂಟಿಗೆ ಒಂದು ಅಪಾಯವೂ ಇದೆ. ಒಂದೇ ಕಂಪನಿಯ ಒಂದೇ ಅಸೆಂಬ್ಲಿ ಲೈನಿಗೆ ಬೇಕಾದಷ್ಟನ್ನು ಮಾತ್ರ ಕಲಿತವನು, ಆ ಲೈನ್ ನಿಂತುಹೋದ ದಿನ ಎಲ್ಲಿಗೂ ಸಲ್ಲದವನಾಗುತ್ತಾನೆ. ಕೋರ್ಸಿನ ಕೊನೆಯಲ್ಲಿ ಸಿಗುವುದು ದೇಶದೆಲ್ಲೆಡೆ ಮಾನ್ಯವಾದ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರವೇ ಅಥವಾ ಆ ಕಂಪನಿಯ ಕಾಗದ ಮಾತ್ರವೇ ಎಂಬುದನ್ನು ಸೇರುವ ಮೊದಲೇ ಖಚಿತಪಡಿಸಿಕೊಳ್ಳಿ. ಸಂಸ್ಥೆಗೆ ಮಾನ್ಯತೆ ಇದ್ದರೂ ನೀವು ಆರಿಸಿದ ಟ್ರೇಡಿಗೆ ಇಲ್ಲದಿರಬಹುದು. ಎರಡು ವರ್ಷದ ಟ್ರೇಡ್ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದಾದ್ದರಿಂದ, ಮುಂದೆ ಓದುವ ದಾರಿಯನ್ನು ತೆರೆದಿಡುವುದೂ ಇದೇ ಪ್ರಮಾಣಪತ್ರ.

ಕೊನೆಯದಾಗಿ ಸಹಿಯ ವಿಚಾರ. ಇಷ್ಟು ವರ್ಷ ಬಿಟ್ಟುಹೋಗಬಾರದೆಂಬ ಬಾಂಡ್ ಕೇಳಿದರೆ, ಬಿಟ್ಟರೆ ಕಟ್ಟಬೇಕಾದ ಮೊತ್ತ ಎಷ್ಟೆಂದು ಓದದೆ ಒಪ್ಪಬೇಡಿ. ಮೂಲ ಅಂಕಪಟ್ಟಿಯನ್ನು ತಮ್ಮ ಬಳಿ ಇಟ್ಟುಕೊಳ್ಳುತ್ತೇವೆ ಎಂದರೆ ಲಿಖಿತ ಸ್ವೀಕೃತಿ ಪಡೆಯಿರಿ. ಅಪ್ರೆಂಟಿಸ್ ಕರಾರು ಮಾಡಿಕೊಳ್ಳುವ ಹೊತ್ತಿಗೆ ಮಗನಿಗೆ ಹದಿನೆಂಟು ತುಂಬಿರದಿದ್ದರೆ ಕಾಯ್ದೆಯ ಪ್ರಕಾರ ಪೋಷಕರಾದ ನೀವೇ ಸಹಿ ಹಾಕಬೇಕು. ಆ ಕರಾರು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ ಎಂದು ನೋಡಿ, ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಿ. ತರಬೇತಿಯ ವೇಳೆ ಗಾಯವಾದರೆ ಪರಿಹಾರ ಕೊಡುವ ಹೊಣೆಯನ್ನು ಕಾಯ್ದೆಯು ಉದ್ಯೋಗದಾತರ ಮೇಲೆ ಹೊರಿಸಿದೆ. ಅದನ್ನು ಕೇಳಿ ಪಡೆಯಬೇಕಾಗಿ ಬಂದರೆ ಮೊದಲು ಬೇಕಾಗುವುದು ಆ ಪ್ರತಿಯೇ.