ಮಗುವಿನ ಚಿತ್ರಕ್ಕೆ ಕಿಟಕಿಯ ಬೆಳಕೇ ಸಾಕು

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಮನೆಗಳಿಗೆ ನಾಮಕರಣದ ಚಿತ್ರ ತೆಗೆಯಲು ಹೋದಾಗ ಹಿರಿಯರು ಮೊದಲು ಕೇಳುವುದು, ಫ್ಲ್ಯಾಶ್ ಬಿದ್ದರೆ ಮಗುವಿನ ಕಣ್ಣಿಗೆ ತೊಂದರೆಯಾಗುವುದಿಲ್ಲವೇ ಎಂದು. ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ ಮುಗಿದುಹೋಗುವ ಸಾಮಾನ್ಯ ಕ್ಯಾಮೆರಾ ಫ್ಲ್ಯಾಶ್‌ನಿಂದ ದೃಷ್ಟಿ ಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಆದರೂ ನಾನು ಅದನ್ನು ಬಳಸುವುದಿಲ್ಲ. ಮಗು ಬೆಚ್ಚಿಬೀಳುತ್ತದೆ ಎಂಬುದು ಒಂದು ಕಾರಣ. ನೇರ ಎದುರಿನಿಂದ ಬಿದ್ದ ಬೆಳಕು ಕೆನ್ನೆಯ ದುಂಡು, ಮೂಗಿನ ಏರು, ತುಟಿಯ ಕೆಳಗಿನ ಸಣ್ಣ ನೆರಳು ಎಲ್ಲವನ್ನೂ ಅಳಿಸಿ ಮುಖವನ್ನು ಚಪ್ಪಟೆ ಮಾಡುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಫ್ಲ್ಯಾಶ್ ಚಿತ್ರಗಳಲ್ಲಿ ಕಣ್ಣು ಕೆಂಪಾಗಿ ಕಾಣುವುದು ಕಣ್ಣಿನ ಹಿಂಭಾಗದಿಂದ ಬೆಳಕು ಮರಳಿ ಬರುವುದರಿಂದ, ಅದು ಸಹಜ. ಆದರೆ ಒಂದು ಕಣ್ಣು ಕೆಂಪಾಗಿದ್ದು ಇನ್ನೊಂದು ಮತ್ತೆ ಮತ್ತೆ ಬಿಳಿಯಾಗಿ ಹೊಳೆಯುತ್ತಿದ್ದರೆ, ತಡಮಾಡದೆ ಮಗುವನ್ನು ಕಣ್ಣಿನ ವೈದ್ಯರಿಗೆ ತೋರಿಸಬೇಕು. ಅದು ಪೊರೆಯ ಅಥವಾ ಅಕ್ಷಿಪಟಲದ ಗೆಡ್ಡೆಯ ಲಕ್ಷಣವಿರಬಹುದು.

ನಮ್ಮ ಹಳೆಯ ಹೆಂಚಿನ ಮನೆಗಳಲ್ಲಿ ಕಿಟಕಿಗಳು ಸಣ್ಣವು, ಸೂರು ಮುಂದಕ್ಕೆ ಚಾಚಿರುತ್ತದೆ, ಹಾಗಾಗಿ ಮಟಮಟ ಮಧ್ಯಾಹ್ನವೂ ನಡುಮನೆಯಲ್ಲಿ ಮಬ್ಬು. ಸಣ್ಣ ಕಿಟಕಿಯಿಂದ ಒಂದು ಮೀಟರ್ ದೂರದಲ್ಲಿರುವ ಮಗುವನ್ನು ಎರಡು ಮೀಟರ್ ದೂರಕ್ಕೆ ಸರಿಸಿದರೆ ಮುಖಕ್ಕೆ ಬೀಳುವ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕೆಂಬ ಮಟ್ಟ) 800 ಸಾಕಿದ್ದಲ್ಲಿ 3200 ಬೇಕಾಗುತ್ತದೆ. ಆದ್ದರಿಂದ ಕ್ಯಾಮೆರಾದ ಗುಂಡಿಗಳನ್ನು ತಿರುಗಿಸುವ ಮೊದಲು ಚಾಪೆಯನ್ನು ಕಿಟಕಿಯ ಬಳಿಗೆ ಎಳೆಯಿರಿ. ಹಸುಗೂಸನ್ನು ಮಲಗಿಸುವಾಗ ತಲೆ ಕಿಟಕಿಯ ಕಡೆಗೆ, ತುಸು ಓರೆಯಾಗಿರಲಿ. ಕಾಲಿನ ಕಡೆಯಿಂದ ಬೆಳಕು ಬಂದರೆ ಗಲ್ಲ ಮತ್ತು ಮೂಗಿನ ಹೊಳ್ಳೆಗಳು ಬೆಳಗಿ, ನೆರಳು ಹಣೆಯ ಕಡೆಗೆ ಏರುತ್ತದೆ. ಎಷ್ಟು ಮುದ್ದಾದ ಮುಖವೂ ವಿಕಾರವಾಗಿ ಕಾಣುತ್ತದೆ.

ಕೆಂಪು ಕಾವಿಯ ನೆಲದ ಬಗ್ಗೆ ಎಚ್ಚರವಿರಲಿ. ನಮ್ಮ ಕಣ್ಣು ಅದನ್ನು ಗಮನಿಸುವುದಿಲ್ಲ, ಕ್ಯಾಮೆರಾ ಬಿಡುವುದಿಲ್ಲ: ಕೂತ ಮಗುವಿನ ಗಲ್ಲದ ಕೆಳಗೆ, ಕತ್ತಿನ ಮಡಿಕೆಗಳಲ್ಲಿ ನೆಲದ ಕೆಂಪು ಬಂದು ಕೂರುತ್ತದೆ. ಒಂದು ಬಿಳಿ ಪಂಚೆಯನ್ನು ಹಾಸಿದರೆ ಆ ಛಾಯೆ ಹೋಗುವುದಲ್ಲದೆ ನೆರಳಿನ ಬದಿಗೂ ಬೆಳಕು ತುಂಬುತ್ತದೆ. ಕೋಣೆಯ ದೀಪಗಳನ್ನು ಆರಿಸುವುದೂ ಒಳ್ಳೆಯದು. ಹಳದಿ ಬಲ್ಬಿನ ಬೆಳಕು ಹಗಲಿನ ಬೆಳಕಿನೊಂದಿಗೆ ಹೊಂದುವುದಿಲ್ಲ. ಅಗ್ಗದ ಎಲ್‌ಇಡಿಗಳಂತೂ ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ ವೇಗದ ಶಟರ್‌ನಲ್ಲಿ ಚಿತ್ರದ ಮೇಲೆ ಪಟ್ಟೆಗಳು ಮೂಡುತ್ತವೆ.

ಮಲಗಿದ ಮಗುವಿಗೆ ಶಟರ್ ವೇಗ 1/125 ಸೆಕೆಂಡ್ ಸಾಕು, ಅಂಬೆಗಾಲಿಡುವ ಮಗುವಿಗೆ 1/250ಕ್ಕಿಂತ ಕಡಿಮೆ ಬೇಡ. 50 ಎಂಎಂ, ಎಫ್/1.8 ಲೆನ್ಸ್ (ಎಫ್ ಅಂಕಿ ಸಣ್ಣದಾದಷ್ಟೂ ಲೆನ್ಸಿನ ಬಾಯಿ ಹೆಚ್ಚು ತೆರೆದಿರುತ್ತದೆ) ಕಡಿಮೆ ಬೆಲೆಯಲ್ಲಿ ಸಿಗುವ ದೊಡ್ಡ ಸಹಾಯ. ಆದರೆ ತೀರಾ ಹತ್ತಿರದಿಂದ ಪೂರ್ತಿ ತೆರೆದರೆ ಒಂದು ಕಣ್ಣು ಸ್ಪಷ್ಟವಾಗಿ ಇನ್ನೊಂದು ಮಸುಕಾಗುವುದರಿಂದ ಎಫ್/2.8ರ ಬಳಿ ಇರುವುದು ಕ್ಷೇಮ. ಐಎಸ್‌ಒ ಏರಿಸಲು ಹಿಂಜರಿಯಬೇಡಿ. ಕಾಳುಕಾಳಾದ ಚಿತ್ರವನ್ನು ಮನೆಯವರು ಸಂತೋಷದಿಂದ ಗೋಡೆಗೆ ಹಾಕುತ್ತಾರೆ, ಅಲುಗಿದ ಚಿತ್ರವನ್ನು ಯಾರೂ ಹಾಕುವುದಿಲ್ಲ. ಮೊಬೈಲ್‌ನಲ್ಲಿ ತೆಗೆಯುವವರು ನೈಟ್ ಮೋಡ್ ಬಳಸಬಾರದು, ಏಕೆಂದರೆ ಅದು ಹಲವು ಚಿತ್ರಗಳನ್ನು ಸೇರಿಸಿ ಒಂದನ್ನು ಮಾಡುತ್ತದೆ. ಅಷ್ಟು ಹೊತ್ತು ಯಾವ ಮಗುವೂ ಅಲುಗದೆ ಇರುವುದಿಲ್ಲ.

ಮಳೆಗಾಲದಲ್ಲಿ ಒಳಕೋಣೆಯ ಆಸೆ ಬಿಟ್ಟು ಜಗಲಿಗೆ ಬನ್ನಿ. ಮೋಡದ ಬೆಳಕು ಮೃದುವಾಗಿದ್ದು ಎಲ್ಲ ಕಡೆಯಿಂದಲೂ ಬರುತ್ತದೆ. ಕಾಫಿ ಕೊಯ್ಲಿನ ಡಿಸೆಂಬರ್, ಜನವರಿಯಲ್ಲಿ ಇದಕ್ಕಿಂತಲೂ ಒಳ್ಳೆಯ ಜಾಗವೊಂದಿದೆ. ಕಣದ ಅಂಚಿನ ಸೂರಿನ ನೆರಳಿನಲ್ಲಿ, ಹಣ್ಣು ಹರವದ ಖಾಲಿ ಕಣದ ಕಡೆಗೆ ಮುಖಮಾಡಿ ಮಗುವನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸಿ. ಬಿಸಿಲು ಬಿದ್ದ ಸಿಮೆಂಟಿನ ಕಣ ಬೆಳಕನ್ನು ಮೆಲ್ಲಗೆ ಮುಖಕ್ಕೆ ತಿರುಗಿಸುತ್ತದೆ. ಮಗು ಕಣ್ಣು ಕಿರಿದು ಮಾಡುವುದಿಲ್ಲ, ಎರಡೂ ಕಣ್ಣುಗಳಲ್ಲಿ ಬೆಳಕಿನ ಚುಕ್ಕಿ ಕಾಣುತ್ತದೆ.

ಇಷ್ಟೆಲ್ಲ ಮಾಡಿಯೂ ಮಗು ಬೆಚ್ಚುತ್ತಿದ್ದರೆ ಫೋಕಸ್‌ಗಾಗಿ ಕ್ಯಾಮೆರಾ ತಾನೇ ಬಿಡುವ ಕಿತ್ತಳೆ ದೀಪವನ್ನು ಪರಿಶೀಲಿಸಿ. ಫ್ಲ್ಯಾಶ್ ಆರಿಸಿದರೂ ಅದು ಉರಿಯುತ್ತಲೇ ಇರುತ್ತದೆ. ಮೆನುವಿನಲ್ಲಿ ಅದನ್ನು ಬೇರೆಯಾಗಿಯೇ ಬಂದ್ ಮಾಡಬೇಕು.